ಮೀನಿನ ಕಿವಿಯ ಕಲ್ಲು, ನಮ್ಮ ನೀರಿನ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಈ ಗೋಷ್ಠಿಗೆ ಕರೆದಾಗ ಸಮಿತಿಯ ಹಿರಿಯರು ಹೇಳಿದ್ದು ಒಂದೇ ಮಾತು: "ನೀನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು, ಮಕ್ಕಳಿಗೆ ಅದರ ಬಗ್ಗೆ ನಾಲ್ಕು ಮಾತು ಹೇಳಪ್ಪ." ಆಗಲಿ ಎಂದೆ. ಆದರೆ ಕಂಪ್ಯೂಟರಿನ ಬಗ್ಗೆ ಹೇಳುವವರು ಇವತ್ತು ಬೇಕಾದಷ್ಟು ಜನ ಇದ್ದಾರೆ, ಮಕ್ಕಳ ಕೈಯಲ್ಲಿರುವ ಫೋನೇ ಹೇಳುತ್ತದೆ. ಹಾಗಾಗಿ ಕಂಪ್ಯೂಟರು ನನಗೆ ತೋರಿಸಿಕೊಟ್ಟ ಒಂದು ಸಣ್ಣ ವಸ್ತುವಿನ ಬಗ್ಗೆ ಮಾತಾಡುತ್ತೇನೆ. ಅದು ಮೀನಿನ ಕಿವಿಯೊಳಗಿನ ಕಲ್ಲು.

ತೆಂಗಿನ ಸೀಮೆಯಲ್ಲಿ ನಿಂತು ಮೀನಿನ ಮಾತೇ ಎಂದು ಕೆಲವರು ನಗುತ್ತಿದ್ದೀರಿ. ನಮ್ಮೂರುಗಳಲ್ಲಿ ಮೀನು ತಿನ್ನುವ ಮನೆಯೂ ಉಂಟು, ತಿನ್ನದ ಮನೆಯೂ ಉಂಟು. ಆದರೆ ಕೆರೆ ಇಬ್ಬರಿಗೂ ಒಂದೇ. ನಾನು ಹೇಳಹೊರಟಿರುವುದು ಊಟದ ಮಾತಲ್ಲ, ನೀರಿನ ಮಾತು.

ನನ್ನ ಕೆಲಸ ಚಿತ್ರಗಳನ್ನು ಓದುವ ತಂತ್ರಾಂಶ ಬರೆಯುವುದು. ಕೆಲವು ವರ್ಷಗಳ ಹಿಂದೆ, ಮೀನುಗಾರಿಕೆ ವಿಜ್ಞಾನ ಓದುತ್ತಿದ್ದ ಗೆಳೆಯನೊಬ್ಬ ಒಂದು ಕಂತೆ ಫೋಟೊ ಕಳಿಸಿ, ಇವುಗಳ ಅಂಚನ್ನು ಕಂಪ್ಯೂಟರಿನಿಂದ ಅಳೆಯಲು ಆಗುತ್ತದೆಯೇ ಎಂದು ಕೇಳಿದ. ನೋಡಿದರೆ ಬೆಳ್ಳಗಿನ ಸಣ್ಣ ಸಣ್ಣ ಚಕ್ಕೆಗಳು. ಕೆಲವು ಹಲಸಂದೆ ಕಾಳಿನಂತೆ, ಕೆಲವು ಅಂಚು ಕೊರೆದ ಎಲೆಯಂತೆ. ಇವೇನು ಎಂದರೆ, ಮೀನಿನ ಕಿವಿಯ ಕಲ್ಲು ಎಂದ. ಮೀನಿಗೆ ಕಿವಿಯೇ ಎಂದು ನಾನೂ ಕೇಳಿದೆ. ಆ ಕೆಲಸ ಒಂದು ವಾರದಲ್ಲಿ ಮುಗಿಯಿತು, ಕುತೂಹಲ ಮಾತ್ರ ಇವತ್ತಿನವರೆಗೂ ಮುಗಿದಿಲ್ಲ.

ಕಿವಿ ಎಲ್ಲಿದೆ, ಕಲ್ಲು ಏಕಿದೆ

ಮೀನಿಗೆ ನಮ್ಮಂತೆ ಹೊರಗಿವಿ ಇಲ್ಲ, ತೂತೂ ಇಲ್ಲ. ಕಿವಿ ತಲೆಬುರುಡೆಯ ಒಳಗೆ, ಮಿದುಳಿನ ಅಕ್ಕಪಕ್ಕದಲ್ಲಿದೆ. ಒಂದೊಂದು ಬದಿಯಲ್ಲಿ ಮೂರು ಪುಟ್ಟ ಚೀಲ, ಒಂದೊಂದು ಚೀಲದಲ್ಲಿ ಒಂದೊಂದು ಕಲ್ಲು. ಒಟ್ಟು ಆರು. ವಿಜ್ಞಾನಿಗಳು ಇವನ್ನು ಓಟೋಲಿತ್ ಎನ್ನುತ್ತಾರೆ. ನಾವು ಕಿವಿಗಲ್ಲು ಎನ್ನೋಣ. ಇದನ್ನು ಕಿವಿಯ ಮೂಳೆ ಎಂದು ಕರೆಯುವವರೂ ಇದ್ದಾರೆ, ಆದರೆ ನಿಜವಾಗಿ ಇದು ಮೂಳೆಯಲ್ಲ. ಇದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲು ಮತ್ತು ಬಸವನಹುಳುವಿನ ಚಿಪ್ಪು ಯಾವ ಪದಾರ್ಥದಿಂದ ಆಗಿವೆಯೋ ಅದೇ.

ಇದರ ಕೆಲಸ ಸರಳ. ಮೀನಿನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ನೀರಿನಲ್ಲಿ ಸದ್ದಿನ ಅಲೆ ಬಂದಾಗ ಮೀನಿನ ಮೈಯೂ ನೀರಿನ ಜೊತೆಗೇ ಅಲುಗುತ್ತದೆ. ಆದರೆ ಕಲ್ಲು ಭಾರ, ಅದು ತುಸು ತಡವಾಗಿ ಅಲುಗುತ್ತದೆ. ನಮ್ಮ ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ವಾಲುತ್ತಾರಲ್ಲ, ಹಾಗೆ. ಕಲ್ಲಿನ ಕೆಳಗಿರುವ ಕೂದಲಿನಂಥ ನರಕೋಶಗಳು ಆ ವ್ಯತ್ಯಾಸವನ್ನು ಹಿಡಿದು ಮಿದುಳಿಗೆ ತಿಳಿಸುತ್ತವೆ. ಕೇಳುವುದು, ಮೈಯ ಸಮತೋಲ ಕಾಯುವುದು, ಎರಡೂ ಹೀಗೇ ನಡೆಯುತ್ತವೆ. ಗೆಂಡೆ ಜಾತಿಯ ಮೀನುಗಳಲ್ಲಿ ಇನ್ನೊಂದು ಏರ್ಪಾಡಿದೆ. ಹೊಟ್ಟೆಯೊಳಗಿನ ಗಾಳಿಚೀಲದಿಂದ ಕಿವಿಯವರೆಗೆ ಪುಟ್ಟ ಮೂಳೆಗಳ ಸರಪಳಿ ಇದೆ. ಜರ್ಮನಿಯ ವೆಬರ್ ಎಂಬ ವೈದ್ಯ 1820ರಲ್ಲಿ ಇದನ್ನು ವಿವರಿಸಿದ. ಈ ಸರಪಳಿಯಿಂದಾಗಿ ಗೆಂಡೆಗೆ ಕಿವಿ ಬಲು ಚುರುಕು.

ನಮ್ಮ ಕಿವಿಯೊಳಗೂ ಇಂಥ ಸುಣ್ಣದ ಹರಳುಗಳಿವೆ, ಪುಡಿಯಷ್ಟು ಸಣ್ಣವು. ವಯಸ್ಸಾದ ಕೆಲವರಿಗೆ ಬೆಳಗಿನ ಹೊತ್ತು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆಯೇ ಗಿರ್ರನೆ ತಿರುಗಿದಂತಾಗುತ್ತದೆ. ಡಾಕ್ಟರು ತಲೆ ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸಿ ಕೂರಿಸುತ್ತಾರೆ. ಜಾಗ ತಪ್ಪಿದ ಹರಳನ್ನು ಮತ್ತೆ ಜಾಗಕ್ಕೆ ಕಳಿಸುವ ಉಪಾಯ ಅದು.

ತೆಂಗಿನ ಮರದ ಬಳೆ, ಕಿವಿಗಲ್ಲಿನ ಉಂಗುರ

ಕಿವಿಗಲ್ಲು ವಿಜ್ಞಾನಿಗಳಿಗೆ ಬಂಗಾರವಾದದ್ದು ಇನ್ನೊಂದು ಕಾರಣಕ್ಕೆ. ಮೀನು ಮೊಟ್ಟೆಯಲ್ಲಿದ್ದಾಗಲೇ ಹುಟ್ಟುವ ಈ ಕಲ್ಲು ಸಾಯುವವರೆಗೂ ಪದರ ಪದರವಾಗಿ ಬೆಳೆಯುತ್ತದೆ. 1899ರಲ್ಲಿ ಜರ್ಮನಿಯ ರೈಬಿಷ್ ಎಂಬುವರು ಸಮುದ್ರದ ಮೀನೊಂದರ ಕಿವಿಗಲ್ಲಿನಲ್ಲಿ ವರ್ಷಕ್ಕೊಂದು ಉಂಗುರ ಕಂಡು ವಯಸ್ಸು ಎಣಿಸಿದರು. 1971ರಲ್ಲಿ ಪನ್ನೆಲ್ಲಾ ಎಂಬ ವಿಜ್ಞಾನಿ ಇನ್ನೂ ಸೂಕ್ಷ್ಮವಾಗಿ ನೋಡಿ, ದಿನಕ್ಕೊಂದು ಗೆರೆಯೂ ಇದೆ ಎಂದು ತೋರಿಸಿದರು. ಮರಿಮೀನಿನ ಕಲ್ಲನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಅದು ಹುಟ್ಟಿ ಎಷ್ಟು ದಿನವಾಯಿತು ಎಂದು ಎಣಿಸಬಹುದು.

ಇದನ್ನು ನಿಮಗೆ ವಿವರಿಸಲು ನನಗೆ ದೂರ ಹೋಗಬೇಕಿಲ್ಲ. ತೋಟದಲ್ಲಿ ತೆಂಗಿನ ಮರದ ಬುಡದಲ್ಲಿ ನಿಂತು ಮೇಲೆ ನೋಡಿ. ಮಟ್ಟೆ ಕಳಚಿದ ಗುರುತುಗಳು ಬಳೆ ತೊಡಿಸಿದಂತೆ ಕಾಣುತ್ತವೆ. ಒಳ್ಳೆ ಮಳೆಯಾದ ವರ್ಷಗಳಲ್ಲಿ ಬಳೆಗಳ ನಡುವೆ ಅಂತರ ಚೆನ್ನಾಗಿರುತ್ತದೆ. ಬರ ಬಿದ್ದ ವರ್ಷಗಳಲ್ಲಿ ಬಳೆಗಳು ಒತ್ತೊತ್ತಾಗಿ, ಆ ಜಾಗದಲ್ಲಿ ಮರದ ಸೊಂಟವೇ ಸಣ್ಣಗಾಗಿರುತ್ತದೆ. ಆಮೇಲೆ ಎಷ್ಟೇ ನೀರು ಕೊಡಿ, ಗೊಬ್ಬರ ಹಾಕಿ, ಮೇಲಿನ ಭಾಗ ದಪ್ಪಗಾದೀತು, ಆ ಸಣ್ಣ ಸೊಂಟ ಮಾತ್ರ ಹಾಗೇ ಉಳಿಯುತ್ತದೆ. ಮಾವು, ಬೇವಿನ ಕಾಂಡದಂತೆ ತೆಂಗಿನ ಕಾಂಡ ಹಿಂದಿರುಗಿ ದಪ್ಪವಾಗುವುದಿಲ್ಲ. ಬೋರ್‌ವೆಲ್ ಬತ್ತಿದ ವರ್ಷ ಯಾವುದು ಎಂದು ನಮ್ಮ ಹಿರಿಯರು ಮರ ನೋಡಿಯೇ ಹೇಳಬಲ್ಲರು.

ಕಿವಿಗಲ್ಲಿನ ಗುಣವೂ ಅದೇ. ಮೀನು ಹಸಿದಾಗ ಮೂಳೆಯಿಂದ, ಹೊರೆಯಿಂದ ಸುಣ್ಣದ ಅಂಶ ಮೈಗೆ ಹಿಂದಿರುಗಬಹುದು. ಕಿವಿಗಲ್ಲಿಗೆ ಹೋದದ್ದು ಮಾತ್ರ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಒಮ್ಮೆ ಬರೆದ ಲೆಕ್ಕವನ್ನು ಅಳಿಸಲಾಗದ ಪುಸ್ತಕ ಅದು. ನಟ್ಟನಡುವಿನ ಚುಕ್ಕೆ ಹುಟ್ಟಿದ ಜಾಗದ್ದು. ಮೀನು ಆಮೇಲೆ ಎಷ್ಟು ದೂರ ಈಜಿದರೂ ಆ ಚುಕ್ಕೆ ಹುಟ್ಟೂರಿನದೇ.

ನೀರಿನಲ್ಲಿ ಕರಗಿರುವ ಖನಿಜಗಳೂ ಅಷ್ಟಿಷ್ಟು ಈ ಪದರಗಳಿಗೆ ಸೇರುತ್ತವೆ. ಬಂಗಾಳದವರು ಪ್ರಾಣ ಬಿಡುವ ಹಿಲ್ಸಾ ಮೀನು ನದಿಯಲ್ಲಿ ಹುಟ್ಟಿ ಸಮುದ್ರದ ಕಡೆ ಹೋಗಿ, ಮೊಟ್ಟೆಯಿಡಲು ಮತ್ತೆ ನದಿಗೆ ಏರಿ ಬರುತ್ತದೆ. ಸಮುದ್ರದ ನೀರಿನಲ್ಲಿ ಸ್ಟ್ರಾನ್ಷಿಯಂ ಎಂಬ ಧಾತು ಹೆಚ್ಚು, ಸಿಹಿನೀರಿನಲ್ಲಿ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಕಿವಿಗಲ್ಲಿನ ನಡುವಿನಿಂದ ಅಂಚಿನವರೆಗೆ ಸ್ಟ್ರಾನ್ಷಿಯಂ ಅಳೆಯುತ್ತ ಹೋದರೆ ಆ ಮೀನು ಯಾವಾಗ ನದಿಯಲ್ಲಿತ್ತು, ಯಾವಾಗ ಉಪ್ಪುನೀರಿಗೆ ಹೋಯಿತು ಎಂದು ಓದಬಹುದು. ನಮ್ಮ ಶಾಲೆಯ ಓರಿಗೆಯದೇ ಆದ ಫರಕ್ಕಾ ಅಡ್ಡಗಟ್ಟೆ 1975ರಲ್ಲಿ ಗಂಗೆಗೆ ಅಡ್ಡ ನಿಂತಿತು. ಅದಕ್ಕೂ ಮುಂಚೆ ಅಲಹಾಬಾದಿನವರೆಗೂ ಏರಿ ಬರುತ್ತಿದ್ದ ಹಿಲ್ಸಾ ಆಮೇಲೆ ಅಲ್ಲಿ ಅಪರೂಪವಾಯಿತು. ನೀರಿಗೆ ನಾವು ಮಾಡಿದ್ದು ಮೀನಿನ ಬದುಕಿಗೆ ಹೀಗೆ ತಟ್ಟುತ್ತದೆ.

ಆಕಾರ ಹೇಳುವ ಕಥೆ

ಈಗ ಆಕಾರದ ಮಾತಿಗೆ ಬರುತ್ತೇನೆ. ಒಂದೊಂದು ಜಾತಿಯ ಮೀನಿಗೆ ಒಂದೊಂದು ಆಕಾರದ ಕಿವಿಗಲ್ಲು. ನೀರುಹಕ್ಕಿಯ ಹೊಟ್ಟೆಯಲ್ಲಿ ಸಿಕ್ಕ ಕಲ್ಲನ್ನು ನೋಡಿ ಅದು ಯಾವ ಮೀನು ತಿಂದಿತ್ತು ಎಂದು ಹೇಳುವವರಿದ್ದಾರೆ. ಅಷ್ಟೇ ಆದರೆ ಅಚ್ಚರಿಯಿಲ್ಲ, ಹುಣಸೆ ಬೀಜ ನೋಡಿ ಹುಣಸೆ ಎನ್ನುವಂತೆ. ಅಚ್ಚರಿ ಇರುವುದು ಇನ್ನೂ ಒಳಗೆ: ಒಂದೇ ಜಾತಿಯ ಮೀನು ಬೇರೆ ಬೇರೆ ನೀರಿನಲ್ಲಿ ಬೆಳೆದರೆ ಅದರ ಕಿವಿಗಲ್ಲಿನ ಆಕಾರದಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಬರುತ್ತದೆ.

ಕಾರಣ ಎರಡು: ತಳಿ ಮತ್ತು ನೀರು. ತೆಂಗಿನ ಭಾಷೆಯಲ್ಲಿ ಹೇಳುವುದಾದರೆ, ಬಿತ್ತನೆ ಕಾಯಿ ಯಾವ ಮರದ್ದು ಎಂಬುದು ಒಂದು, ಸಸಿ ನೆಟ್ಟದ್ದು ನಾಲೆಯ ಪಕ್ಕದಲ್ಲೋ ಕಲ್ಲುನೆಲದಲ್ಲೋ ಎಂಬುದು ಇನ್ನೊಂದು. ಒಂದೇ ಮರದ ಕಾಯಿ ಎರಡು ತೋಟದಲ್ಲಿ ನೆಟ್ಟರೆ ಎರಡು ಥರ ಆಗುತ್ತದೆ. ಆದರೂ ತಳಿಯ ಗುಣ ಪೂರ್ತಿ ಮರೆಯಾಗುವುದಿಲ್ಲ. ಕೊಬ್ಬರಿ ಅಳೆದು ಅನುಭವವಿರುವವರು ಉಂಡೆ ನೋಡಿ ಇದು ಯಾವ ಕಡೆಯದು ಎಂದು ಅಂದಾಜು ಕಟ್ಟುವುದು ಈ ಎರಡನ್ನೂ ಒಟ್ಟಿಗೆ ಓದಿಯೇ.

ಕಾಡ್ ಎಂಬ ಸಮುದ್ರದ ಮೀನಿನ ಮೇಲೆ ಕೆನಡಾದ ಕಾಂಪಾನಾ ಮತ್ತು ಕ್ಯಾಸಲ್‌ಮನ್ ಎಂಬ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಕೆಲಸ ಈ ವಿಷಯದಲ್ಲಿ ಪ್ರಸಿದ್ಧ. ಬೇರೆ ಬೇರೆ ಕಡಲಭಾಗದ ಕಾಡ್ ಮೀನುಗಳನ್ನು ಕಿವಿಗಲ್ಲಿನ ಆಕಾರದಿಂದ ಗುರುತಿಸಬಹುದು, ಆ ವ್ಯತ್ಯಾಸದ ಹಿಂದೆ ಮುಖ್ಯವಾಗಿ ಬೆಳವಣಿಗೆಯ ವೇಗವಿದೆ ಎಂದು ಅವರು ತೋರಿಸಿದರು. ತಣ್ಣನೆ ನೀರು, ಕಡಿಮೆ ಆಹಾರ ಎಂದರೆ ನಿಧಾನದ ಬೆಳವಣಿಗೆ. ಒಂದೇ ಉದ್ದದ ಎರಡು ಮೀನು ಇಟ್ಟುಕೊಂಡರೆ, ನಿಧಾನವಾಗಿ ಬೆಳೆದ ಮೀನಿನ ಕಿವಿಗಲ್ಲು ಸಾಮಾನ್ಯವಾಗಿ ದೊಡ್ಡದಿರುತ್ತದೆ. ಏಕೆಂದರೆ ಮೈ ಬೆಳೆಯದೆ ನಿಂತ ದಿನಗಳಲ್ಲೂ ಕಲ್ಲು ತನ್ನ ದಿನದ ಪದರ ಹಾಕುತ್ತಲೇ ಇರುತ್ತದೆ.

ಹಾಗಾದರೆ ತಳಿಯ ಪಾಲೆಷ್ಟು, ನೀರಿನ ಪಾಲೆಷ್ಟು? ಇದಕ್ಕೆ ಚೆಂದದ ಉತ್ತರ ಹವಾಯಿ ದ್ವೀಪದಿಂದ ಬಂತು. ಪೆಸಿಫಿಕ್ ಸಾಗರದ ಫ್ರೆಂಚ್ ದ್ವೀಪಗಳಿಂದ ನೀಲಿ ಗೆರೆಯ ಒಂದು ಮೀನನ್ನು 1950ರ ದಶಕದ ಕೊನೆಯ ಹೊತ್ತಿಗೆ ಹವಾಯಿಗೆ ತಂದು ಬಿಟ್ಟಿದ್ದರು. ಅದು ಅಲ್ಲಿ ನೆಲೆಯೂರಿತು. ತವರಿನಲ್ಲಿ ಉಳಿದ ಮೀನು ಒಂದು ಕಡೆ, ವಲಸೆ ಬಂದ ಮೀನು ಇನ್ನೊಂದು ಕಡೆ. ಎರಡರ ಕಿವಿಗಲ್ಲನ್ನೂ ಹೋಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಕಾರದಲ್ಲಿ ಎರಡರ ಗುರುತೂ ಇದೆ. ಸುತ್ತಲಿನ ನೀರು ಕಲ್ಲಿನ ಒಟ್ಟು ರೂಪವನ್ನು ಬದಲಿಸುತ್ತದೆ, ತಳಿ ಅಲ್ಲಲ್ಲಿ ತನ್ನ ಸಹಿ ಉಳಿಸಿಕೊಳ್ಳುತ್ತದೆ.

ಸಮುದ್ರದಲ್ಲೇ ಹೀಗಾದರೆ ನದಿಯಲ್ಲಿ ಇನ್ನೂ ಹೆಚ್ಚು. ಸಮುದ್ರದ ನೀರು ಒಂದೇ ಹರವು. ನದಿ ಹಾಗಲ್ಲ. ಬೆಟ್ಟದ ಬುಡದಲ್ಲಿ ಸೆಳೆತ, ಬಯಲಿನಲ್ಲಿ ಮಡು, ಅಣೆಕಟ್ಟಿನ ಹಿಂದೆ ನಿಂತ ನೀರು, ಬೇಸಿಗೆಯಲ್ಲಿ ಕೆಸರು. ಕೆಲವು ಮೈಲಿಗಳೊಳಗೆ ಆಹಾರ, ಬಿಸಿ, ಆಮ್ಲಜನಕ, ಖನಿಜ ಎಲ್ಲವೂ ಬದಲಾಗುತ್ತವೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಗಂಗೆ ಮತ್ತು ಅದರ ಉಪನದಿಗಳ ಕೊರವ, ಮೀಸೆಮೀನು ಮುಂತಾದವುಗಳ ಕಿವಿಗಲ್ಲುಗಳನ್ನು ಹಲವು ವರ್ಷಗಳಿಂದ ಓದುತ್ತಿದ್ದಾರೆ. ಹೊರಗಿನಿಂದ ನೋಡಿದರೆ ಒಂದೇ ಜಾತಿ. ಕಿವಿಗಲ್ಲು ನೋಡಿದರೆ ಬೇರೆ ಬೇರೆ ಬಳಗ. ಬೇರೆ ಬಳಗ ಎಂದು ತಿಳಿದರೆ ಮಾತ್ರ ಎಲ್ಲಿ ಎಷ್ಟು ಹಿಡಿಯಬಹುದು, ಎಲ್ಲಿ ಕಾಯಬೇಕು ಎಂದು ಹೇಳಲು ಬರುತ್ತದೆ. ಒಂದು ಕಡೆ ಬಳಗ ಪೂರ್ತಿ ಬರಿದಾದರೆ, ಇನ್ನೊಂದು ಕಡೆ ಹೇರಳವಾಗಿದೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲ.

ನಮ್ಮ ನೀರಿನ ದಿಬ್ಬ

ಗಂಗೆಯ ಮಾತು ನಮಗೇಕೆ ಎನ್ನಬೇಡಿ. ಭೂಗೋಳದ ಪಾಠದಲ್ಲಿ ಜಲವಿಭಾಜಕ ಎಂಬ ಪದ ಓದಿದ್ದೀರಿ. ಅದು ಹಿಮಾಲಯದಲ್ಲೋ ಸಹ್ಯಾದ್ರಿಯಲ್ಲೋ ಇರುವಂಥದ್ದು ಎಂದುಕೊಂಡಿರುತ್ತೀರಿ. ಅದು ನಮ್ಮ ಸೀಮೆಯಲ್ಲೇ ಇದೆ, ನಾವು ದಿನವೂ ಬಸ್ಸಿನಲ್ಲಿ ದಾಟುತ್ತೇವೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಕಡೆ ಬಿದ್ದ ಮಳೆ ಸುವರ್ಣಮುಖಿ ಹೊಳೆ ಹಿಡಿಯುತ್ತದೆ. 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಬೋರನಕಣಿವೆ ಜಲಾಶಯ ಈ ಹೊಳೆಗೇ ಅಡ್ಡ. ಅಲ್ಲಿಂದ ಹಿರಿಯೂರಿನ ಕಡೆ ಹೋಗಿ ವೇದಾವತಿ ಸೇರಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ. ತುರುವೇಕೆರೆ ಕಡೆ ಬಿದ್ದ ಮಳೆ ಶಿಂಷಾ ನದಿಗೆ, ಅಲ್ಲಿಂದ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ, ಕೊನೆಗೆ ಕಾವೇರಿಗೆ. ಒಂದೇ ಮೋಡದ ಎರಡು ಹನಿ. ಒಂದು ಆಂಧ್ರದಲ್ಲಿ ಸಮುದ್ರ ಸೇರಬೇಕು, ಇನ್ನೊಂದು ತಮಿಳುನಾಡಿನಲ್ಲಿ.

ಮನುಷ್ಯನಿಗೆ ಈ ದಿಬ್ಬ ಏನೂ ಅಲ್ಲ. ಮೀನಿಗೆ ಇದು ಗೋಡೆ. ಸುವರ್ಣಮುಖಿಯ ಗೆಂಡೆ ಶಿಂಷೆಗೆ ಹೋಗಬೇಕಾದರೆ ನೆಲದ ಮೇಲೆ ನಡೆಯಬೇಕು, ಇಲ್ಲವೇ ಸಮುದ್ರ ಬಳಸಿ ಬರಬೇಕು. ಎರಡೂ ಆಗದ ಮಾತು. ಹೀಗೆ ಎಷ್ಟೋ ಕಾಲ ಬೇರೆ ಬೇರೆ ನೀರಿನಲ್ಲಿ ಬಾಳಿದ ಒಂದೇ ಜಾತಿಯ ಮೀನುಗಳು ತಳಿಯಲ್ಲೂ ಬೇರೆಯಾಗುವುದಕ್ಕೆ ಅವಕಾಶವಿದೆ. ಅದನ್ನು ಕಿವಿಗಲ್ಲಿನಲ್ಲಿ ಹುಡುಕುವುದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಇದರ ಮೇಲೆ ಮೂರನೆಯ ನೀರೊಂದು ಬಂದಿದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ, ಗೊರೂರಿನ ಜಲಾಶಯದಿಂದ ನಾಲೆ ಹಿಡಿದು, ಬಾಗೂರು ನವಿಲೆ ಸುರಂಗ ದಾಟಿ ತಿಪಟೂರು, ತುರುವೇಕೆರೆಗಳ ಕಡೆ ಬರುತ್ತದೆ. ಮಲೆನಾಡಿನ ಮಳೆ ನಮ್ಮ ಬಯಲುಸೀಮೆಯ ಕೆರೆಗೆ ಬಿದ್ದಂತೆ. ಬಂಡೆ ಬೇರೆ, ಮಣ್ಣು ಬೇರೆ, ಆ ನೀರು ಹೊತ್ತು ತರುವ ಖನಿಜವೂ ಬೇರೆ. ಮಳೆಯನ್ನೇ ನಂಬಿದ ಕೆರೆ ಒಂದು, ನಾಲೆಯ ನೀರು ತುಂಬುವ ಮಲ್ಲಾಘಟ್ಟದಂಥ ಕೆರೆ ಒಂದು, ಹೊಳೆಯ ಮಡು ಒಂದು. ಒಂದು ದಿನದ ಬಸ್ ಪ್ರಯಾಣದಲ್ಲಿ ಮೂರು ಬಗೆಯ ನೀರಿನ ಮೀನು ನೋಡಬಹುದು.

ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ. ಗಣಿಗಳ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಕಿವಿಗಲ್ಲು ಮ್ಯಾಂಗನೀಸನ್ನೂ ಬರೆದಿಟ್ಟುಕೊಳ್ಳುತ್ತದೆ. ಯುರೋಪಿನ ಬಾಲ್ಟಿಕ್ ಸಮುದ್ರದಲ್ಲಿ ತಳದ ನೀರಿಗೆ ಆಮ್ಲಜನಕ ಕಡಿಮೆಯಾದಾಗ ಕೆಸರಿನ ಮ್ಯಾಂಗನೀಸ್ ಕರಗಿ ಮೇಲೆ ಬರುತ್ತದೆ. ಅಲ್ಲಿನ ಕಾಡ್ ಮೀನಿನ ಕಿವಿಗಲ್ಲಿನಲ್ಲಿ ಅದರ ಗುರುತು ನೋಡಿ, ಯಾವ ಯಾವ ವರ್ಷ ಮೀನಿಗೆ ಉಸಿರು ಕಟ್ಟಿತ್ತು ಎಂದು ವಿಜ್ಞಾನಿಗಳು ಓದಿದ್ದಾರೆ. ಬೇಸಿಗೆಯ ಕೊನೆಯಲ್ಲಿ ನಮ್ಮ ಕೆರೆಗಳಲ್ಲಿ ಮೀನು ಬಾಯಿ ಮೇಲೆತ್ತಿ ತೇಲುವುದನ್ನು ನೀವೆಲ್ಲ ನೋಡಿದ್ದೀರಿ.

ಗೋಡೆ ದಾಟಿಸಿದವರು ನಾವು

ಮೀನು ದಾಟಲಾಗದ ಆ ದಿಬ್ಬವನ್ನು ನಾವೇ ಮೀನಿಗೆ ದಾಟಿಸಿದ್ದೇವೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮೀನುಮರಿ ತಂದು ಕೆರೆಗೆ ಬಿಡುತ್ತೇವಲ್ಲ, ಆ ಚೀಲಕ್ಕೆ ಯಾವ ಜಲವಿಭಾಜಕವೂ ಲೆಕ್ಕಕ್ಕಿಲ್ಲ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ಗಂಗೆಯ ಸೀಮೆಯ ಮೀನುಗಳು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಹಾರ್ಮೋನು ಚುಚ್ಚಿ ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆ ಇಡಿಸಿದ ಮೇಲೆ ದೇಶದ ಕೆರೆ ಕೆರೆಗೂ ಮರಿ ಒದಗುವಂತಾಯಿತು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ನಾವು ಜಿಲೇಬಿ ಎಂದು ಕರೆಯುವ ತಿಲಾಪಿಯಾ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ಬಂತು.

ಇದರಿಂದ ಬಡವರ ತಟ್ಟೆಗೆ ಮೀನು ಬಂತು, ಕೆರೆ ಹಿಡಿದವರಿಗೆ ಆದಾಯ ಬಂತು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬೇಗ ಬೆಳೆಸುವುದಕ್ಕೂ ಒಂದು ಬೆಲೆ ಇದೆ, ಅದನ್ನೂ ಕಿವಿಗಲ್ಲೇ ಹೇಳುತ್ತದೆ. ಸಾಕಿದ ಸಾಲ್ಮನ್ ಮೀನುಗಳ ಮುಖ್ಯ ಕಿವಿಗಲ್ಲಿನಲ್ಲಿ ಸುಣ್ಣದ ಹರಳು ಸರಿಯಾದ ರೂಪದಲ್ಲಿ ಕಟ್ಟಿಕೊಳ್ಳದೆ, ಹಗುರವಾದ ಇನ್ನೊಂದು ರೂಪಕ್ಕೆ ತಿರುಗುವುದು ಕಾಡಿನ ಹೊಳೆಯ ಮೀನಿಗಿಂತ ಬಹಳ ಹೆಚ್ಚು ಎಂದು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ತೋರಿಸಿತು. ಅಂಥ ಮೀನಿಗೆ ಕಿವಿ ಮಂದ. ಅವಸರದ ಬೆಳವಣಿಗೆಯೇ ಕಾರಣ ಎಂದು ಮುಂದಿನ ವರ್ಷ ಅದೇ ತಂಡ ಹೇಳಿತು.

ಇನ್ನೊಂದು ಸ್ವಾರಸ್ಯ, ಕಂಪ್ಯೂಟರಿನವನಿಗೆ ಬಲು ಇಷ್ಟವಾದದ್ದು. ಅಮೆರಿಕದ ಅಲಾಸ್ಕಾದಲ್ಲಿ ಮರಿ ಬಿಡುವ ಮುಂಚೆ ತೊಟ್ಟಿಯ ನೀರನ್ನು ಕೆಲವು ದಿನ ಬೆಚ್ಚಗೆ, ಕೆಲವು ದಿನ ತಣ್ಣಗೆ ಮಾಡುತ್ತಾರೆ. ಕಿವಿಗಲ್ಲಿನಲ್ಲಿ ದಪ್ಪ ತೆಳು ಗೆರೆ ಬೀಳುತ್ತದೆ, ಅಂಗಡಿಯ ಸೋಪಿನ ಮೇಲಿನ ಬಾರ್‌ಕೋಡ್‌ನಂತೆ. ವರ್ಷಗಳ ನಂತರ ಆ ಮೀನು ಬಲೆಗೆ ಬಿದ್ದರೆ ಯಾವ ತೊಟ್ಟಿಯಲ್ಲಿ ಹುಟ್ಟಿದ್ದು ಎಂದು ಹೇಳುತ್ತಾರೆ.

ಅಂಚನ್ನು ಅಂಕಿಯಾಗಿಸುವುದು

ಆಕಾರವನ್ನು ಹೋಲಿಸುವುದು ಹೇಗೆ? ಇದು ಉದ್ದ, ಅದು ದುಂಡು ಎಂದು ಕಣ್ಣಳತೆಯಲ್ಲಿ ಹೇಳಿದರೆ ವಿಜ್ಞಾನವಾಗುವುದಿಲ್ಲ. ಇಲ್ಲಿ ಕಂಪ್ಯೂಟರು ಬರುತ್ತದೆ, ಅದರ ಹಿಂದೆ ಇನ್ನೂರು ವರ್ಷದ ಹಳೆಯ ಗಣಿತ ಬರುತ್ತದೆ. ಫ್ರಾನ್ಸಿನ ಫೂರಿಯೆ ಎಂಬ ಗಣಿತಜ್ಞ, ಎಂಥ ಗೋಜಲಿನ ಅಲೆಯನ್ನಾದರೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದು ಎಂದು ತೋರಿಸಿದ. ಕಿವಿಗಲ್ಲಿನ ಅಂಚಿಗೂ ಅದೇ ಉಪಾಯ. ಮೊದಲು ಒಂದು ದೊಡ್ಡ ಅಂಡಾಕಾರ. ಅದರ ಮೇಲೆ ಅದಕ್ಕಿಂತ ಬೇಗ ಸುತ್ತುವ ಇನ್ನೊಂದು ಸಣ್ಣ ಅಂಡಾಕಾರ ಕೂಡಿಸಿ, ಆಮೇಲೆ ಮತ್ತೊಂದು. ಕೂಡಿಸುತ್ತ ಹೋದಂತೆ ಅಂಚಿನ ಒಂದೊಂದು ಉಬ್ಬು, ಒಂದೊಂದು ಕೊರೆತ ಮೂಡುತ್ತ ಬರುತ್ತದೆ. ಒಂದೊಂದು ಅಂಡಾಕಾರಕ್ಕೂ ನಾಲ್ಕು ಅಂಕಿ. ಹೀಗೆ ಒಂದು 'ಕಲ್ಲು' ಕೆಲವು ಹತ್ತು ಅಂಕಿಗಳ ಪಟ್ಟಿಯಾಗುತ್ತದೆ. ಆಮೇಲೆ ಈ ಹೊಳೆಯ ಪಟ್ಟಿಗಳು ಆ ಕೆರೆಯ ಪಟ್ಟಿಗಳಿಂದ ಬೇರೆಯಾಗಿ ನಿಲ್ಲುತ್ತವೆಯೇ ಎಂದು ಲೆಕ್ಕ ಹಾಕುವುದು ಸಂಖ್ಯಾಶಾಸ್ತ್ರದ ಕೆಲಸ.

ಇದಕ್ಕಾಗಿಯೇ ಐಸ್‌ಲ್ಯಾಂಡಿನ ಇಬ್ಬರು ವಿಜ್ಞಾನಿಗಳು ಶೇಪ್‌ಆರ್ ಎಂಬ ತಂತ್ರಾಂಶ ಬರೆದು 2015ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದಾರೆ. ನಮ್ಮ ಶಾಲೆಯ ಲ್ಯಾಬಿನಲ್ಲಿರುವ ಹಳೆಯ ಕಂಪ್ಯೂಟರಿನಲ್ಲೂ ಅದು ಓಡುತ್ತದೆ. ಮಕ್ಕಳೇ, ಒಂಬತ್ತನೇ ತರಗತಿಯ ಗಣಿತ ಯಾವ ಉಪಯೋಗಕ್ಕೆ ಎಂದು ಮೇಷ್ಟ್ರನ್ನು ಕೇಳುತ್ತೀರಲ್ಲ, ಒಂದು ಉಪಯೋಗ ಇದು.

ನನ್ನದೊಂದು ಕೋರಿಕೆ

ಈಗ ಈ ಮಾತನ್ನೆಲ್ಲ ಇಲ್ಲಿ ಏಕೆ ಆಡಿದೆ ಎಂದು ಹೇಳಿ ಮುಗಿಸುತ್ತೇನೆ.

ಕಿವಿಗಲ್ಲು ಒಂಟಿಯಾಗಿ ಏನೂ ಹೇಳುವುದಿಲ್ಲ. ಇನ್ನೊಂದರ ಪಕ್ಕ ಇಟ್ಟಾಗ ಮಾತ್ರ ಮಾತಾಡುತ್ತದೆ. ಆ ಹೊಳೆಯದನ್ನು ಈ ಹೊಳೆಯದರ ಪಕ್ಕ, ಅಂದಿನದನ್ನು ಇಂದಿನದರ ಪಕ್ಕ. ನಾರ್ವೆ, ಅಮೆರಿಕದಂಥ ದೇಶಗಳ ಮೀನುಗಾರಿಕೆ ಸಂಸ್ಥೆಗಳಲ್ಲಿ ದಶಕಗಳಿಂದ ಕೂಡಿಟ್ಟ ಲಕ್ಷಗಟ್ಟಲೆ ಕಿವಿಗಲ್ಲುಗಳಿವೆ. ಸಣ್ಣ ಸಣ್ಣ ಲಕೋಟೆ, ಮೇಲೆ ತಾರೀಖು, ಜಾಗದ ಹೆಸರು. ಕೂಡಿಟ್ಟವರು ಎಷ್ಟೋ ಜನ ಈಗಿಲ್ಲ. ಅವರು ಕೇಳದ ಪ್ರಶ್ನೆಗಳಿಗೆ ಇಂದಿನವರು ಅದರಲ್ಲಿ ಉತ್ತರ ಓದುತ್ತಿದ್ದಾರೆ.

ನಮ್ಮ ಶಾಲೆಗೆ ಐವತ್ತು ತುಂಬಿತು. ಈ ಐವತ್ತು ವರ್ಷದಲ್ಲಿ ನಮ್ಮ ನೀರು ಬದಲಾದಷ್ಟು ಬೇರೇನೂ ಬದಲಾಗಿಲ್ಲ. ನಮ್ಮಜ್ಜಂದಿರು ಏತ, ಕಪಿಲೆ ಕಟ್ಟಿ ನೀರೆತ್ತಿದ ಬಾವಿಗಳು ಬತ್ತಿದವು. ಬೋರ್‌ವೆಲ್ ನೂರು ಅಡಿಯಿಂದ ಸಾವಿರ ಅಡಿಗೆ ಇಳಿಯಿತು. ಕೆರೆ ಒಣಗಿತು, ನಾಲೆ ಬಂತು, ಕೆರೆ ಮತ್ತೆ ತುಂಬಿತು. ಹಳ್ಳದ ಗೆಂಡೆ, ಕೊರವ, ಬಾಳೆಮೀನುಗಳ ಹೆಸರನ್ನು ಹಿರಿಯರು ಹೇಳುತ್ತಾರೆ, ಮಕ್ಕಳಿಗೆ ಗೊತ್ತಿರುವುದು ಕಾಟ್ಲಾ ಮತ್ತು ಜಿಲೇಬಿ. ಈ ಬದಲಾವಣೆಯನ್ನು ನೀರೊಳಗಿನ ಜೀವ ಹೇಗೆ ಬರೆದುಕೊಂಡಿತ್ತು ಎಂದು ಓದಬೇಕಾದರೆ 1975ರ ಒಂದು ಹಿಡಿ ಕಿವಿಗಲ್ಲು ಯಾರಾದರೂ ಇಲ್ಲಿ ಎತ್ತಿಟ್ಟಿರಬೇಕಿತ್ತು. ಆ ಹಿಡಿಯನ್ನು ಇನ್ನು ಯಾವ ದುಡ್ಡು ಕೊಟ್ಟರೂ ತರಲಾಗುವುದಿಲ್ಲ. ಆದರೆ ಇವತ್ತಿನದನ್ನು ಎತ್ತಿಡಬಹುದು. ಶಾಲೆಗೆ ನೂರು ತುಂಬುವಾಗ ಇಲ್ಲಿ ಕೂತಿರುವ ಮಕ್ಕಳಿಗೆ ಅದು ಸಿಗಬೇಕು.

ಕೆಲಸ ದೊಡ್ಡದಲ್ಲ. ಅದಕ್ಕಾಗಿ ಒಂದು ಮೀನನ್ನೂ ಕೊಲ್ಲಬೇಕಿಲ್ಲ. ಸಂತೆಯಲ್ಲಿ ಮೀನು ಕೊಯ್ಯುವವರು ಬಿಸಾಡುವ ತಲೆ ಸಾಕು, ಅದು ಯಾವ ಕೆರೆಯದು ಎಂದು ಕೇಳಿ ಬರೆದುಕೊಳ್ಳಬೇಕು ಅಷ್ಟೇ. ಕತ್ತರಿಸುವ ಮುಂಚೆ ಮೀನಿನ ಉದ್ದ ಅಳೆದುಕೊಳ್ಳಬೇಕು. ಜಿಲೇಬಿಯಿಂದ ಶುರು ಮಾಡುವುದು ಒಳ್ಳೆಯದು, ಅದು ಎಲ್ಲ ಕಡೆ ಸಿಗುತ್ತದೆ, ಅದರ ಕಲ್ಲು ದೊಡ್ಡದು, ಚಿಮಟಕ್ಕೆ ಸುಲಭವಾಗಿ ಸಿಗುತ್ತದೆ. ಕೊರವನದೂ ಹಾಗೆಯೇ. ಗೆಂಡೆ ಜಾತಿಯಲ್ಲಿ ಒಂದು ಜೊತೆ ಕಲ್ಲು ಸೂಜಿಯಂತೆ ತೆಳು, ಕೈ ಪಳಗಿದ ಮೇಲೆ ಅದನ್ನು ನೋಡೋಣ. ತೆಗೆದ ಕಲ್ಲನ್ನು ನೀರಿನಲ್ಲಿ ತೊಳೆದು ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಲ್ಯಾಬಿನ ಫಾರ್ಮಲಿನ್‌ನಲ್ಲಿ ಹಾಕಬಾರದು, ಅದರ ಹುಳಿಗೆ ಕಲ್ಲು ಕರಗುತ್ತದೆ. ಮೇಲೆ ಬರೆಯಬೇಕಾದದ್ದು: ತಾರೀಖು, ಜಾಗ, ಮೀನಿನ ಹೆಸರು, ಉದ್ದ, ತೂಕ, ಎಡಗಿವಿಯದೋ ಬಲಗಿವಿಯದೋ. ಹೋಲಿಸುವಾಗ ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೇ ಬದಿಯ ಕಲ್ಲನ್ನೇ ಹೋಲಿಸಬೇಕು. ಎರಡು ಮೂರು ಮೀನಿನಿಂದ ತೀರ್ಮಾನ ಹೇಳಬಾರದು, ಜಾಗಕ್ಕೆ ಐವತ್ತಾದರೂ ಬೇಕು. ಬೋರನಕಣಿವೆಯಿಂದ ಐವತ್ತು, ಮಲ್ಲಾಘಟ್ಟದಿಂದ ಐವತ್ತು, ನಮ್ಮೂರ ಕೆರೆಯಿಂದ ಐವತ್ತು. ಮೊದಲ ವರ್ಷಕ್ಕೆ ಇಷ್ಟು ಸಾಕು.

ನನ್ನ ತಂಡದ ಗೆಳೆಯರು ಸೇರಿ ಒಂದು ಸೂಕ್ಷ್ಮದರ್ಶಕ, ಅದಕ್ಕೆ ಹೊಂದುವ ಕ್ಯಾಮೆರಾ, ಲಕೋಟೆ ಇಡಲು ಒಂದು ಕಬ್ಬಿಣದ ಬೀರು ಕೊಡಿಸುತ್ತೇವೆ. ಅಂಚು ಎಳೆಯುವ ತಂತ್ರಾಂಶವನ್ನು ಕನ್ನಡದಲ್ಲೇ ಓದುವಂತೆ ನಾನು ಮಾಡಿಕೊಡುತ್ತೇನೆ, ವರ್ಷಕ್ಕೆ ಎರಡು ಬಾರಿ ಬಂದು ಮಕ್ಕಳ ಜೊತೆ ಕೂರುತ್ತೇನೆ. ವಿಜ್ಞಾನದ ಮೇಷ್ಟ್ರು ದಾಖಲೆ ಪುಸ್ತಕ ನೋಡಿಕೊಳ್ಳಲು ಒಪ್ಪಿದ್ದಾರೆ. ಊರಿನವರಲ್ಲಿ ನನ್ನ ಕೋರಿಕೆ ಇಷ್ಟೇ: ಕೆರೆ ಗುತ್ತಿಗೆ ಹಿಡಿದ ಅಣ್ಣಂದಿರು ಮೀನು ಹಿಡಿಯುವ ದಿನ ಶಾಲೆಗೆ ಒಂದು ಮಾತು ತಿಳಿಸಿ. ಯಾವ ವರ್ಷ ಯಾವ ಮರಿ, ಎಲ್ಲಿಂದ ತಂದು ಬಿಟ್ಟಿರಿ ಎಂಬುದನ್ನು ಬರೆಸಿ. ಹಿರಿಯರು ತಮ್ಮ ಕಾಲದಲ್ಲಿ ಯಾವ ಹಳ್ಳದಲ್ಲಿ ಯಾವ ಮೀನು ಇತ್ತು ಎಂದು ಮಕ್ಕಳಿಗೆ ಹೇಳಿ ಬರೆಸಿ. ಕಲ್ಲಿನ ಜೊತೆ ಆ ಮಾತೂ ಬೀರುವಿನಲ್ಲಿ ಇರಲಿ.

ಮೊದಲ ಲಕೋಟೆಯ ಮೇಲೆ ಈ ವರ್ಷದ ತಾರೀಖು ಬೀಳಲಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.